ನಡುನಾಲೆಯ ಹತ್ತೊಂಬತ್ತು ಸಂತೆಗಳು

ಲೀಲಾವತಿ ಜಪಾನಿಗೆ ಬಂದದ್ದು ಎಲ್ಲರೂ ಜಪಾನ್ ಬಿಟ್ಟು ಹೊರಟಿದ್ದ ಕಾಲದಲ್ಲಿ. 2011ರ ದೊಡ್ಡ ಭೂಕಂಪವಾಗಿ ಒಂದು ವರ್ಷ ಕಳೆದಿತ್ತು. ಕಾವಾಸಾಕಿಯಲ್ಲಿದ್ದ ಪರಿಚಯದ ಸಂಸಾರಗಳಲ್ಲಿ ಅರ್ಧಕ್ಕರ್ಧ ಗಂಟುಮೂಟೆ ಕಟ್ಟಿದ್ದವು. ಅವಳ ಗಂಡ ಸೋಮಶೇಖರ ಅಲ್ಲಿ ಪಂಪು ತಯಾರಿಸುವ ಕಂಪನಿಯೊಂದರಲ್ಲಿ ಎಂಜಿನಿಯರ್. ಅವನು ಅಲ್ಲಿ ಒಬ್ಬನೇ ಇರುವುದು, ತಾನು ಮಂಡ್ಯದಲ್ಲಿ ಪಿಯುಸಿ ಮಕ್ಕಳಿಗೆ ಭೂಗೋಳ ಪಾಠ ಮಾಡುತ್ತ, ಭೂಕಂಪದ ಅಧ್ಯಾಯ ಬಂದಾಗಲೆಲ್ಲ ಎದೆ ಹಿಡಿದುಕೊಳ್ಳುವುದು, ಇದು ಯಾವ ಸೀಮೆಯ ಸಂಸಾರ ಎನಿಸಿತು ಅವಳಿಗೆ. ಕೆಲಸಕ್ಕೆ ರಾಜೀನಾಮೆ ಕೊಟ್ಟು, ಐದು ವರ್ಷದ ಮಗಳು ಸಿಂಧೂರಾಳ ಕೈ ಹಿಡಿದು ವಿಮಾನ ಹತ್ತಿದಳು. ಆಗ ಅವಳಿಗೆ ಮೂವತ್ತೇಳು.

ಮೂರು ವರ್ಷ ಮನೆಯಲ್ಲಿ ಕೂತಳು ಎಂದು ಹೇಳಿದರೆ ತಪ್ಪಾಗುತ್ತದೆ. ಕೂರುವ ಜಾಯಮಾನ ಅವಳದಲ್ಲ. ವಾರ್ಡ್ ಕಚೇರಿಯ ಪುಕ್ಕಟೆ ತರಗತಿಯಲ್ಲಿ ಜಪಾನಿ ಕಲಿತಳು, ನೆರೆಯ ನಾಲ್ಕು ಮಕ್ಕಳಿಗೆ ಭೂಪಟ ಓದುವುದು ಹೇಳಿಕೊಟ್ಟಳು, ಕೊನೆಗೆ ನಲವತ್ತನೇ ವರ್ಷಕ್ಕೆ ಕ್ಯೋಟೋದ ವಿಶ್ವವಿದ್ಯಾಲಯವೊಂದರಲ್ಲಿ ಡಾಕ್ಟರೇಟ್‌ಗೆ ಸೀಟು ಗಿಟ್ಟಿಸಿದಳು. ಸೋಮಶೇಖರ ಕಾವಾಸಾಕಿಯಲ್ಲೇ ಉಳಿದ. ತಾಯಿ ಮಗಳು ಕ್ಯೋಟೋದಲ್ಲಿ ಎರಡು ಕೋಣೆಯ ಮನೆ ಹಿಡಿದರು. ಹದಿನೈದು ದಿನಕ್ಕೊಮ್ಮೆ ಇವರು ಅಲ್ಲಿಗೋ ಅವನು ಇಲ್ಲಿಗೋ. ತರಗತಿಯಲ್ಲಿ ಅವಳ ಪಕ್ಕ ಕೂರುವವರೆಲ್ಲ ಇಪ್ಪತ್ತೈದರ ಹುಡುಗ ಹುಡುಗಿಯರು. ಮೊದಲ ದಿನ ಒಬ್ಬ ಎದ್ದು ನಿಂತು ಬಗ್ಗಿ ನಮಸ್ಕರಿಸಿದ, ಪಾಠ ಮಾಡಲು ಬಂದವರು ಎಂದುಕೊಂಡು. ಲೀಲಾವತಿ ಅವನ ಪಕ್ಕದ ಕುರ್ಚಿಯಲ್ಲೇ ಕೂತು ಪೆನ್ನು ಕೇಳಿದಳು.

ಅವಳ ವಿಷಯವೇನೆಂದು ಸಂಬಂಧಿಕರಿಗೆ ವಿವರಿಸುವುದರೊಳಗೆ ಅವಳಿಗೆ ಸಾಕುಸಾಕಾಗುತ್ತಿತ್ತು. ಜಪಾನಿನಲ್ಲಿ ಕೂತು, ಮಂಡ್ಯದ ಹೆಂಗಸೊಬ್ಬಳು, ವಿಯೆಟ್ನಾಮಿನ ತೆಂಕಣ ತುದಿಯ ಬಗ್ಗೆ, ಫ್ರೆಂಚ್ ಭಾಷೆಯಲ್ಲಿರುವ ಪುಸ್ತಕ ಓದಿ, ಇಂಗ್ಲಿಷಿನಲ್ಲಿ ಬರೆಯುವುದು. "ಒಂದು ಭಾಷೆ ಬಿಟ್ಟೋಯ್ತಲ್ಲಾ, ಕನ್ನಡ" ಎಂದು ಸೋಮಶೇಖರ ರೇಗಿಸುತ್ತಿದ್ದ. "ಬೈಕೊಳ್ಳೋಕೆ ಅದೇ ಬೇಕಲ್ರೀ" ಎನ್ನುತ್ತಿದ್ದಳು ಇವಳು.

ವಿಷಯ ಇಷ್ಟೇ. ಮೆಕಾಂಗ್ ನದಿ ಸಮುದ್ರ ಸೇರುವ ಮುಖಜಭೂಮಿಯನ್ನು ಫ್ರೆಂಚರು ಆಳುತ್ತಿದ್ದಾಗ ಅದನ್ನು ಪ್ರಾಂತಗಳಾಗಿ ಸೀಳಿದ್ದರು. ಅಂಥದೊಂದು ಪ್ರಾಂತದ ಬಗ್ಗೆ ಯಾರೋ ಒಬ್ಬ ಅಧಿಕಾರಿ ಬರೆದ ಅರವತ್ತು ಪುಟದ ಪುಸ್ತಿಕೆ ಕ್ಯೋಟೋದ ಗ್ರಂಥಾಲಯದಲ್ಲಿತ್ತು. ಆ ಪ್ರಾಂತದ ಹೆಸರನ್ನು ಸರಿಯಾದ ಸ್ವರದಲ್ಲಿ ಉಚ್ಚರಿಸಲು ಇವಳಿಗೆ ಎರಡು ವರ್ಷ ಬೇಕಾಯಿತು. ಹಾಗಾಗಿ ಮನೆಯಲ್ಲಿ ಎಲ್ಲರೂ ಅದನ್ನು ಬರಿದೇ 'ಪ್ರಾಂತ' ಎನ್ನುತ್ತಿದ್ದರು. ಪುಸ್ತಿಕೆಯಲ್ಲಿ ನೆಲ, ಜನ, ದುಡಿಮೆ ಎಂದು ಮೂರು ಭಾಗ. ನೆಲವೆಂದರೆ ಒಂದು ದಿಬ್ಬವೂ ಇಲ್ಲದ ಕೆಸರು, ನದಿಯ ಎರಡು ಕವಲು, ಆ ಕವಲುಗಳ ನಡುವೆ ಫ್ರೆಂಚರು ಊರವರಿಂದ ಬಿಟ್ಟಿ ದುಡಿಸಿ ತೋಡಿಸಿದ ನಾಲೆಗಳು. ಜನವೆಂದರೆ ಗದ್ದೆಯ ವಿಯೆಟ್ನಾಮಿಗಳು, ಅವರಿಗಿಂತ ಮುಂಚೆಯೇ ಅಲ್ಲಿದ್ದ ಖ್ಮೇರರು, ಅಕ್ಕಿ ಗಿರಣಿ ಹಿಡಿದ ಚೀನಿಯರು. ದುಡಿಮೆಯೆಂದರೆ ಭತ್ತ, ಬಾತುಕೋಳಿ, ಉಪ್ಪು, ಮೀನು ಕೊಳೆಹಾಕಿ ಇಳಿಸಿದ ಸಾರು. ಬರೆದ ಮಹಾಶಯನಿಗೆ ಸೊಳ್ಳೆಗಳ ಮೇಲೆ ಇದ್ದ ಸಿಟ್ಟು ಪುಟಪುಟಕ್ಕೂ ಕಾಣುತ್ತಿತ್ತು, ಅಲ್ಲಿನ ಮನುಷ್ಯರ ಮೇಲೆ ಇದ್ದ ತಾತ್ಸಾರ ಅದಕ್ಕಿಂತ ಹೆಚ್ಚು ಕಾಣುತ್ತಿತ್ತು. ಲೀಲಾವತಿ ಅವನನ್ನು ಕನ್ನಡದಲ್ಲಿ ಬೈಯುತ್ತಲೇ ಅವನ ಒಂದೊಂದು ವಾಕ್ಯವನ್ನೂ ಬಾಯಿಪಾಠ ಮಾಡಿದಳು.

ಪುಸ್ತಿಕೆಯ ಕೊನೆಗೆ ಒಂದು ನಕ್ಷೆ. ಅದರಲ್ಲಿ ನಾಲೆಗಳ ಉದ್ದಕ್ಕೂ ಸಂತೆಯ ಊರುಗಳು. ನದಿಯ ಬಾಯಲ್ಲಿ ಇರುವ ಸಂತೆಗಳು ಯಾರಿಗಾದರೂ ಅರ್ಥವಾಗುತ್ತವೆ. ಆದರೆ ಹತ್ತೊಂಬತ್ತು ಸಂತೆಗಳು ನಾಲೆಗಳ ನಡುಮಧ್ಯದಲ್ಲಿ, ಸುತ್ತ ರಸ್ತೆಯಿಲ್ಲ ಕೋಟೆಯಿಲ್ಲ, ಗದ್ದೆಬಯಲಿನಲ್ಲಿ ಸುಮ್ಮನೆ ಕೂತಿದ್ದವು. ಏಕೆ? ಅವಳ ಪ್ರಬಂಧದ ಐದನೆಯ ಅಧ್ಯಾಯ ಇದೇ ಪ್ರಶ್ನೆಗೆ ಉತ್ತರ.

ಉತ್ತರವನ್ನು ತೋಕುನಾಗಾ ಎಂಬ ಹಿರಿಯ ವಿದ್ವಾಂಸರು ಇಪ್ಪತ್ತೆರಡು ವರ್ಷದ ಹಿಂದೆಯೇ ತಮ್ಮ ಪುಸ್ತಕದಲ್ಲಿ ಬರೆದಿಟ್ಟಿದ್ದರು. ಫ್ರೆಂಚರು ನಾಲೆಗಳ ಮೇಲೆ ಸುಂಕದ ಕಟ್ಟೆ ಇಟ್ಟರು, ದೋಣಿಗಳು ಅಲ್ಲಿ ಕಾಯಬೇಕಾಯಿತು, ಕಾಯುವವರಿಗೆ ಊಟ ಮಾರಲು ಅಂಗಡಿ ಬಂತು, ಅಂಗಡಿ ಬೆಳೆದು ಸಂತೆಯಾಯಿತು. ಲೀಲಾವತಿಗೆ ಇದು ಓದಿದ ಗಳಿಗೆಯಲ್ಲೇ ಹಿಡಿಸಿತು. ಪುಸ್ತಿಕೆಯಲ್ಲೂ 'ದೋಣಿಗಳು ಇಲ್ಲಿ ನಾಲ್ಕೈದು ಗಂಟೆ ಕಾಯುತ್ತವೆ' ಎಂದು ಇತ್ತಲ್ಲ. ತಾಲ್ಲೂಕು ಕಚೇರಿಯ ಮುಂದೆ ನಿಂತು ಬೆಳೆದ ಜನ ನಾವು. ಎಲ್ಲಿಯಾದರೂ ನಾಲ್ಕು ಗಂಟೆ ಕಾಯಬೇಕೆಂದರೆ ಒಳಗೊಬ್ಬ ಗುಮಾಸ್ತ ಊಟಕ್ಕೆ ಹೋಗಿದ್ದಾನೆ ಎಂದೇ ಅರ್ಥ.

ತೊಂದರೆ ಒಂದೇ. ಹತ್ತೊಂಬತ್ತರಲ್ಲಿ ಆರು ಊರುಗಳಲ್ಲಿ ಮಾತ್ರ ಸುಂಕದ ಕಟ್ಟೆಯಿದ್ದ ದಾಖಲೆಯಿತ್ತು. ಉಳಿದ ಹದಿಮೂರರ ಎದುರು ಅವಳು 'ದಾಖಲೆ ಕಳೆದುಹೋಗಿದೆ' ಎಂದು ಬರೆದಳು. ಸರ್ಕಾರಿ ದಾಖಲೆ ಕಳೆದುಹೋಗುವುದು ಅವಳಿಗೆ ಲೋಕರೂಢಿಯ ವಿಷಯವಾಗಿತ್ತು.

2018ರ ಅಕ್ಟೋಬರಿನಲ್ಲಿ, ಅಂತಿಮ ಪ್ರತಿ ಒಪ್ಪಿಸಲು ಎರಡು ತಿಂಗಳಿದ್ದಾಗ, ವಿಭಾಗದಲ್ಲಿ ಅವಳ ಪೂರ್ವಪರೀಕ್ಷೆ ನಡೆಯಿತು. ಮಾರ್ಗದರ್ಶಕ ಕುವಾಬಾರಾ ಸೆನ್ಸೇ (ಸೆನ್ಸೇ ಎಂದರೆ ಮೇಷ್ಟ್ರು) ಮಿತಭಾಷಿ. ಎಲ್ಲ ಮುಗಿದ ಮೇಲೆ ಅವರು ನಕ್ಷೆಯ ಮೇಲೆ ಬೆರಳಿಟ್ಟು ಕೇಳಿದರು:

"ಲೀಲಾವತಿ-ಸಾನ್, ಈ ನಾಲೆಯಲ್ಲಿ ನೀರು ಎಲ್ಲಿಂದ ಎಲ್ಲಿಗೆ ಹರಿಯುತ್ತದೆ?"

"ತಲೆಯಿಂದ ಬಾಲಕ್ಕೆ, ಸೆನ್ಸೇ."

ಅವರು ನಕ್ಷೆಯಿಂದ ಬೆರಳು ತೆಗೆದರು. "ಹೌದೇ..." ಎಂದು ರಾಗವೆಳೆದು ಎದ್ದು ಹೋದರು.

ಆರು ವರ್ಷ ಜಪಾನಿನಲ್ಲಿದ್ದವಳಿಗೆ ಆ ರಾಗ ಗೊತ್ತಿತ್ತು. ಏನೋ ತಪ್ಪಾಗಿದೆ. ಏನೆಂದು ಅವರು ಬಾಯಿಬಿಟ್ಟು ಹೇಳುವುದಿಲ್ಲ. ಅವಳೇ ಹುಡುಕಿಕೊಳ್ಳಬೇಕು. ಹುಡುಕಿದಳು, ಒಂದು ವಾರ. ನಕ್ಷೆಯ ಪ್ರತಿ ನಾಲೆಗೂ ಪೆನ್ಸಿಲಿನಲ್ಲಿ ತಾನೇ ಬರೆದಿದ್ದ 'ತಲೆ', 'ಬಾಲ' ಎಂಬ ಗುರುತುಗಳನ್ನು ಮತ್ತೆ ಮತ್ತೆ ನೋಡಿದಳು. ಅವಳ ಕಣ್ಣಿಗೆ ಏನೂ ತಪ್ಪು ಕಾಣಲಿಲ್ಲ. ಕಾಣುವುದಾದರೂ ಹೇಗೆ? ಅವಳ ಅಪ್ಪ ಮಂಡ್ಯದ ವಿ.ಸಿ. ನಾಲೆಯ ಕಡೆ ಮೂವತ್ತು ವರ್ಷ ನೀರುಗಂಟಿಯಾಗಿದ್ದವರು. ತೂಬು ಎತ್ತಿ ಗದ್ದೆಗದ್ದೆಗೆ ನೀರು ಬಿಡುವುದು ಅವರ ಕಸುಬು. ನಾಲೆಗೆ ತಲೆ ಇರುತ್ತದೆ, ಅಲ್ಲಿನವರು ಮೆರೆಯುತ್ತಾರೆ. ನಾಲೆಗೆ ಬಾಲ ಇರುತ್ತದೆ, ಅಲ್ಲಿನವರು ನೀರುಗಂಟಿಗೆ ಶಾಪ ಹಾಕುತ್ತಾರೆ. ಇದು ಅವಳು ಅಕ್ಷರ ಕಲಿಯುವ ಮೊದಲೇ ಕಲಿತ ಭೂಗೋಳ.

ಅವಳಿಗೆ ಹೆಚ್ಚು ಸಮಯವಿರಲಿಲ್ಲ. ಮಾರ್ಚಿಗೆ ಸೋಮಶೇಖರನ ಅವಧಿ ಮುಗಿಯುತ್ತಿತ್ತು, ಕಂಪನಿ ಅವನನ್ನು ಮೈಸೂರಿಗೆ ವಾಪಸು ಕರೆದಿತ್ತು. ಫೆಬ್ರುವರಿಯಲ್ಲಿ ಪ್ರಬಂಧ ಪಾಸಾಗದಿದ್ದರೆ ಪದವಿಯಿಲ್ಲದೆ ಹೆಸರು ತೆಗೆಸಿ ಹೊರಡಬೇಕು. ನಲವತ್ತನಾಲ್ಕು ವರ್ಷದವಳಿಗೆ ಇನ್ನೊಂದು ಅವಕಾಶ ಯಾರು ಕೊಡುತ್ತಾರೆ? ಇದ್ದ ಒಂದು ಕೆಲಸವನ್ನೂ ಬಿಟ್ಟು ಬಂದವಳು ಬರಿಗೈಲಿ ಹೋಗಿ ನಿಲ್ಲುವುದನ್ನು ನೆನೆದು ಅವಳು ನಡುರಾತ್ರಿ ಎದ್ದು ಮತ್ತೆ ನಕ್ಷೆ ಬಿಡಿಸುತ್ತಿದ್ದಳು.

ಮುಂದಿನ ಶನಿವಾರ ತಾಯಿ ಮಗಳು ಕಾವಾಸಾಕಿಗೆ ಹೋದರು. ಸೋಮಶೇಖರ ಒಬ್ಬನೇ ಆದ ಮೇಲೆ ಹಿಡಿದಿದ್ದ ಪುಟ್ಟ ಕೋಣೆಯಲ್ಲಿ ಮೂವರು ಒಟ್ಟಿಗೆ ನಿಂತರೆ ಬಾಗಿಲು ತೆಗೆಯಲಾಗದು. ಆದ್ದರಿಂದ ಚಿತ್ರಾನ್ನ ಕಟ್ಟಿಕೊಂಡು ಕಾರ್ಖಾನೆಗಳ ನಡುವೆ ಹರಿಯುವ ಒಂದು ಕಾಲುವೆಯ ದಡಕ್ಕೆ ಹೋಗಿ ಕೂತರು. ಸಮುದ್ರವನ್ನು ತುಂಬಿ ಮಾಡಿದ ನೆಲ ಅದು. ಎರಡು ತುಂಡು ನೆಲದ ಮಧ್ಯೆ ಉಳಿದ ನೀರೇ ಕಾಲುವೆ. ಎರಡೂ ತುದಿ ಸಮುದ್ರಕ್ಕೆ ತೆರೆದಿತ್ತು.

ಸಿಂಧೂರಾ ಡಬ್ಬಿ ಬಿಚ್ಚುವಾಗ ಅದರ ನೀಲಿ ಪ್ಲಾಸ್ಟಿಕ್ ಮುಚ್ಚಳ ಜಾರಿ ನೀರಿಗೆ ಬಿತ್ತು. ಬಿದ್ದದ್ದೇ ಎಡಕ್ಕೆ ತೇಲುತ್ತ ಹೊರಟಿತು.

"ಹೋಯ್ತು! ಮೂರು ಡಬ್ಬಿದು ಸೆಟ್ ಅದು" ಎಂದಳು ಲೀಲಾವತಿ. ಎಂಥ ದುಃಖದಲ್ಲೂ ಡಬ್ಬಿಯ ಮುಚ್ಚಳ ಕಳೆದುಕೊಳ್ಳುವುದು ಅವಳಿಗೆ ಆಗದು. ದಡದ ಉದ್ದಕ್ಕೂ ಮುಚ್ಚಳದ ಜೊತೆಗೇ ನಡೆದಳು.

ಇನ್ನೂರು ಹೆಜ್ಜೆ ಆಚೆ ಒಬ್ಬ ಮುದುಕ ಮಡಿಸುವ ಕುರ್ಚಿಯಲ್ಲಿ ಕೂತು ಗಾಳ ಹಾಕಿದ್ದ. "ಸುಮಿಮಾಸೆನ್, ಕ್ಷಮಿಸಿ, ಆ ಮುಚ್ಚಳ ನಿಮ್ಮ ಗಾಳಕ್ಕೆ ಸಿಗುತ್ತದೆಯೇ ನೋಡಿ" ಎಂದು ಅವನನ್ನು ಕೇಳಿದಳು.

"ಅವಸರವೇಕೆ? ಇಲ್ಲಿಗೇ ಬರುತ್ತದೆ" ಎಂದ ಅವನು, ತಿರುಗಿಯೂ ನೋಡದೆ.

ಬಂತು. ಅವನ ಕಾಲಡಿಗೆ ಬಂದು ನಿಂತುಬಿಟ್ಟಿತು. ಅಲ್ಲಿ ಆಗಲೇ ಎಲೆ, ಬಾಟಲಿ, ಒಂದು ರಬ್ಬರ್ ಚಪ್ಪಲಿ ಎಲ್ಲ ಗುಂಪುಗೂಡಿ ನಿಂತಿದ್ದವು. ಲೀಲಾವತಿ ಬಗ್ಗಿ ನೋಡಿದಳು. ಆ ಕಡೆಯಿಂದ, ಅಂದರೆ ಎದುರು ದಿಕ್ಕಿನಿಂದ, ಒಂದು ಹಾಲಿನ ಪೊಟ್ಟಣ ತೇಲಿ ಬರುತ್ತಿತ್ತು. ಅದೂ ಬಂದು ಮುಚ್ಚಳದ ಪಕ್ಕ ನಿಂತಿತು.

"ಇದೇನು, ಎರಡೂ ಕಡೆಯಿಂದ ಬರುತ್ತಿದೆ?" ಎಂದಳು.

ಮುದುಕ ಈಗ ತಿರುಗಿ ನೋಡಿದ. ಇಷ್ಟು ಸಣ್ಣ ವಿಷಯ ತಿಳಿಯದವರೂ ಇದ್ದಾರೆಯೇ ಎಂಬಂತೆ ನಿಧಾನವಾಗಿ ಹೇಳಿದ. "ಉಬ್ಬರದ ಹೊತ್ತಲ್ಲವೇ. ಸಮುದ್ರ ಎರಡೂ ಬಾಯಿಂದ ಒಳಗೆ ಬರುತ್ತದೆ. ಎರಡು ನೀರೂ ಇಲ್ಲಿ ಎದುರಾಗಿ ನಿಲ್ಲುತ್ತವೆ. ನೀರು ನಿಂತಲ್ಲಿ ಮೀನು ನಿಲ್ಲುತ್ತದೆ. ಮೀನು ನಿಂತಲ್ಲಿ ನಾನು ಕೂರುತ್ತೇನೆ. ಎರಡು ಗಂಟೆ ಕಳೆಯಲಿ, ಇಳಿತ ಶುರುವಾಗುತ್ತದೆ, ಬಂದ ದಾರಿಯಲ್ಲೇ ಎಲ್ಲ ಹೊರಡುತ್ತದೆ."

"ಎಷ್ಟು ವರ್ಷದಿಂದ ಇಲ್ಲೇ ಕೂರುತ್ತೀರಿ?"

"ಕೆಲಸ ಬಿಟ್ಟಾಗಿನಿಂದ. ಮುಂಚೆ ನಾನು ಸರಕಿನ ದೋಣಿಯಲ್ಲಿದ್ದೆ. ಆಗ ಎಂಜಿನ್ ಇಲ್ಲದ ದೋಣಿಯವರೆಲ್ಲ ನೀರು ತಿರುಗುವವರೆಗೆ ಇಲ್ಲೇ ಕಟ್ಟಿಹಾಕಿ ಕಾಯುತ್ತಿದ್ದರು. ಅಗೋ, ಆ ಗೋಡೆಯ ಹತ್ತಿರ ಮೂರು ನೂಡಲ್ಸ್ ಅಂಗಡಿ, ಒಂದು ಕ್ಷೌರದಂಗಡಿ ಇತ್ತು. ಒಳ್ಳೇ ವ್ಯಾಪಾರ."

ಲೀಲಾವತಿ ಅಲ್ಲೇ ಸಿಮೆಂಟು ಕಟ್ಟೆಯ ಮೇಲೆ ಕುಸಿದು ಕೂತಳು. ಮೊದಲು ನಗು ಬಂತು, ಆಮೇಲೆ ಅಳು ಬಂತು, ಆಮೇಲೆ ಎರಡೂ ಒಟ್ಟಿಗೆ. ಮುದುಕ ಗಾಬರಿಯಾಗಿ ಗಾಳ ಬಿಟ್ಟು ಎದ್ದ. ಸೋಮಶೇಖರ ಚಿತ್ರಾನ್ನದ ಕೈಯಲ್ಲೇ ಓಡಿಬಂದ.

"ಏನಾಯ್ತೇ? ಮುಚ್ಚಳಕ್ಕೆ ಅಳ್ತಾರಾ ಯಾರಾದ್ರೂ? ಕೊಂಬಿನಿ ಅಂಗಡೀಲಿ ಬೇರೆ ಸಿಗುತ್ತೆ ಬಾರೇ."

"ಬಾಲ ಇಲ್ಲ ಕಣ್ರೀ! ಆ ನಾಲೆಗಳಿಗೆ ತಲೆನೂ ಇಲ್ಲ, ಬಾಲನೂ ಇಲ್ಲ. ಎರಡೂ ಕಡೆ ನದಿ, ಎರಡೂ ಕಡೆ ಉಬ್ಬರ. ನಡುವೆ ನೀರು ಎದುರಾಗುತ್ತೆ, ದೋಣಿ ನಿಲ್ಲುತ್ತೆ, ಸಂತೆ ಆಗುತ್ತೆ. ಸುಂಕದವನು ಊಟಕ್ಕೂ ಹೋಗಿಲ್ಲ, ಮಣ್ಣೂ ಇಲ್ಲ!"

ಹನ್ನೆರಡರ ಸಿಂಧೂರಾ ಅಮ್ಮನನ್ನು ಕರುಣೆಯಿಂದ ನೋಡಿದಳು. "ಅಮ್ಮಾ, ಬಟ್ ಯು ರೋಟ್ ಇಟ್. ಚಾಪ್ಟರ್ ಒನ್. 'ದಿನಕ್ಕೆ ಎರಡು ಸಲ ಉಬ್ಬರ' ಅಂತ. ಫುಟ್‌ನೋಟ್ ನಾನೇ ಟೈಪ್ ಮಾಡಿದ್ದು."

ಹೌದು, ಬರೆದಿದ್ದಳು. ಓದಿದ್ದನ್ನು ಬರೆದಿದ್ದಳು, ನೋಡುವಾಗ ಮಾತ್ರ ಅಪ್ಪನ ನಾಲೆಯನ್ನೇ ನೋಡಿದ್ದಳು. ಊಟ ಮುಗಿಸಿ ಮೂವರೂ ಅಲ್ಲೇ ಕಾದರು. ಎರಡು ಗಂಟೆಯ ಮೇಲೆ ನೀಲಿ ಮುಚ್ಚಳ ಸಣ್ಣಗೆ ಅಲುಗಿತು, ಬಂದ ದಿಕ್ಕಿಗೆ ತಿರುಗಿ ಹೊರಟಿತು. ಲೀಲಾವತಿ ಅದನ್ನು ಹಿಡಿಯಲು ಹೋಗಲಿಲ್ಲ.

ಸೋಮವಾರ ಬೆಳಿಗ್ಗೆ ಕುವಾಬಾರಾ ಸೆನ್ಸೇ ಅವಳ ಮಾತನ್ನೆಲ್ಲ ಕೇಳಿಸಿಕೊಂಡರು. ಮುಖದಲ್ಲಿ ಸಂತೋಷ ಕಾಣಿಸಿತು, ಹಿಂದೆಯೇ ಚಿಂತೆಯೂ ಕಾಣಿಸಿತು. ಹೊರಗಿನಿಂದ ಬರುವ ಪರೀಕ್ಷಕರು ತೋಕುನಾಗಾ ಸೆನ್ಸೇ ಅವರೇ. ಎಪ್ಪತ್ತೆರಡು ವರ್ಷ. ಆ ಮುಖಜಭೂಮಿಯಲ್ಲಿ ದೋಣಿಯ ಮೇಲೆ ವರ್ಷಗಟ್ಟಲೆ ಬದುಕಿದವರು. ಸುಂಕದ ಕಟ್ಟೆಯ ವಾದವೇ ಅವರಿಗೆ ಹೆಸರು ತಂದಿತ್ತು. ಅವರ ಎದುರಿಗೇ, ಸಾರ್ವಜನಿಕ ಪರೀಕ್ಷೆಯಲ್ಲಿ, ಅವರು ಹೇಳಿದ್ದು ತಪ್ಪು ಎನ್ನುವುದೇ? ಐದನೇ ಅಧ್ಯಾಯವನ್ನು ಕೈಬಿಟ್ಟು ಉಳಿದ ನಾಲ್ಕನ್ನು ಕೊಟ್ಟರೆ ಪದವಿಗೆ ಧಾರಾಳ ಸಾಕು ಎಂದು ಸೆನ್ಸೇ ಸೂಚಿಸಿದರು. ಹೊಸದಾಗಿ ಬರೆಯುವುದು "ಸ್ವಲ್ಪ ಕಷ್ಟವಾಗಬಹುದು" ಎಂದರು.

ಸ್ವಲ್ಪ ಕಷ್ಟ ಎಂದು ಜಪಾನಿನ ಹಿರಿಯರೊಬ್ಬರು ಹೇಳಿದರೆ ಸುತರಾಂ ಆಗದು ಎಂದು ತಿಳಿಯಬೇಕು. ಇದು ಲೀಲಾವತಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಆ ದಿನ ಅವಳು ಬೇಕೆಂದೇ ಮಂಡ್ಯದವಳಾದಳು. "ಸ್ವಲ್ಪ ಕಷ್ಟ ತಾನೆ ಸೆನ್ಸೇ? ಪಡುತ್ತೇನೆ" ಎಂದು ಬಗ್ಗಿ ನಮಸ್ಕರಿಸಿ ಬಂದುಬಿಟ್ಟಳು. ಅವಳ ಹಿಂದೆ ಕುವಾಬಾರಾ ನಕ್ಕ ಸದ್ದು ಕೇಳಿಸಿತು. ನಾಲ್ಕು ವರ್ಷದಲ್ಲಿ ಅದೇ ಮೊದಲು.

ಹೇಳಿದರೆ ಆಯಿತೇ, ತೋರಿಸಬೇಕು. ನದಿಯ ಕವಲುಗಳಲ್ಲಿ ಉಬ್ಬರ ಯಾವ ಊರಿಗೆ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಫ್ರೆಂಚ್ ಹಡಗಿನವರು ಬರೆದಿಟ್ಟ ಹಳೆಯ ಕೋಷ್ಟಕಗಳಿದ್ದವು. ಪ್ರತಿ ನಾಲೆಯ ಎರಡು ಬಾಯಿಗೂ ನೀರು ಬರುವ ಹೊತ್ತು ಹಿಡಿದು, ಅವು ಎಲ್ಲಿ ಎದುರಾಗುತ್ತವೆ ಎಂದು ಲೆಕ್ಕ ಹಾಕಬೇಕು. ಸಂತೆ ಎಲ್ಲಿದೆ ಎಂದು ಆಮೇಲೆ ನೋಡಬೇಕು. ಸೋಮಶೇಖರ ವಾರದ ಕೊನೆಗೆಲ್ಲ ಕ್ಯೋಟೋಗೆ ಬಂದ. ನೀರು ನಾಲೆಯಲ್ಲಿ ಯಾವ ವೇಗದಲ್ಲಿ ನುಗ್ಗುತ್ತದೆ ಎಂಬುದು ಪಂಪಿನವನಿಗೆ ಗೊತ್ತಿರುವ ವಿದ್ಯೆ. ಊಟದ ಮೇಜು ಸಾಲದೆ ನಕ್ಷೆಯನ್ನು ದೊಡ್ಡದಾಗಿ ಬರೆದು ಚಾಪೆಯ ಮೇಲೆ ಹಾಸಿದರು. ಸಿಂಧೂರಾ ನಾಲೆಯ ಒಂದು ಬಾಯಿಂದ ಹೆಸರುಕಾಳು, ಇನ್ನೊಂದು ಬಾಯಿಂದ ಕಡಲೆಕಾಳು ಸರಿಸುತ್ತ ಬರುವುದು. ಒಂದು ಕಾಳಿಗೆ ಹತ್ತು ನಿಮಿಷ. ಎರಡು ಕಾಳು ಮುಟ್ಟಿದಲ್ಲಿ ಅವಳು ಜಪಾನಿಯಲ್ಲಿ ಕೂಗುವಳು, ಲೀಲಾವತಿ ಅಲ್ಲಿ ಕುಂಕುಮದ ಬೊಟ್ಟಿಡುವಳು. ಆಮೇಲೆ ಮುಚ್ಚಿಟ್ಟ ಹಳೆಯ ನಕ್ಷೆ ತೆರೆದು ಸಂತೆ ಎಲ್ಲಿದೆ ಎಂದು ಹೋಲಿಸುವುದು. ಮೊದಲೇ ನೋಡಿದರೆ ಕೈ ಮೋಸ ಮಾಡುತ್ತದೆ ಎಂಬುದು ಲೀಲಾವತಿಯ ನಿಯಮ.

ಮೊದಲ ನಾಲೆ: ಬೊಟ್ಟಿಗೂ ಸಂತೆಗೂ ಅರ್ಧ ಮೈಲಿ. ಎರಡನೆಯದು: ಬೊಟ್ಟಿನ ಮೇಲೇ ಸಂತೆ. ಮೂರನೆಯದಕ್ಕೆ ಸೋಮಶೇಖರ ಎದ್ದು ಕುಣಿದ, ಕೆಳಮನೆಯ ಅಜ್ಜಿ ಬಂದು ಬಾಗಿಲು ತಟ್ಟಿದರು. ಏಳನೆಯದು ತಪ್ಪಿತು. ಮೂವರೂ ಮುಖ ಸಪ್ಪೆ ಮಾಡಿಕೊಂಡು ಕೂತರು. ನೋಡಿದರೆ ಸಿಂಧೂರಾ ಒಂದು ಬದಿಯ ನಾಲ್ಕು ಕಾಳು ತಿಂದುಬಿಟ್ಟಿದ್ದಳು. ಮತ್ತೆ ಸರಿಸಿದರು, ಕೂಡಿತು. ನವೆಂಬರ್ ಮುಗಿಯುವ ಹೊತ್ತಿಗೆ ಹದಿನೆಂಟು ಸಂತೆಗಳು ನೀರು ಎದುರಾಗುವ ಜಾಗದಲ್ಲೇ ಕೂತಿದ್ದವು. ಆರು ಕಟ್ಟೆಗಳಲ್ಲಿ ಐದಕ್ಕೆ ತಾರೀಕು ಸಿಕ್ಕಿತು. ಐದೂ ಸಂತೆಗಿಂತ ಎಷ್ಟೋ ವರ್ಷ ಆಮೇಲೆ ಬಂದಿದ್ದವು. ಜನ ಸೇರಿದಲ್ಲಿಗೆ ಸುಂಕದವನು ಬಂದಿದ್ದ, ಸುಂಕದವನಿದ್ದಲ್ಲಿಗೆ ಜನ ಬಂದಿರಲಿಲ್ಲ. ಬಿಟ್ಟಿ ದುಡಿದು ನಾಲೆ ತೋಡಿದವರೇ ತಮ್ಮ ನೀರಿನ ಜಾಡು ಹಿಡಿದು ಊರು ಕಟ್ಟಿಕೊಂಡಿದ್ದರು. ಇದನ್ನು ಬರೆಯುವಾಗ ಲೀಲಾವತಿಗೆ ಆ ಸೊಳ್ಳೆಯ ಅಧಿಕಾರಿಯ ಕಪಾಳಕ್ಕೆ ಒಂದು ಬಿಟ್ಟಷ್ಟು ಖುಷಿಯಾಯಿತು.

ಹತ್ತೊಂಬತ್ತನೆಯದು ಮಾತ್ರ ಜಪ್ಪಯ್ಯ ಎಂದರೂ ಕೂಡಲಿಲ್ಲ. ಬೊಟ್ಟಿಗೂ ಅದಕ್ಕೂ ಏಳು ಮೈಲಿ ಅಂತರ. ಅಲ್ಲಿದ್ದ ಕಟ್ಟೆ ಯಾವಾಗ ಬಂತು ಎಂಬ ತಾರೀಕೂ ಇಲ್ಲ. "ದಾಖಲೆ ಕಳೆದೋಗಿದೆ ಅಂತ ಬರ್ದುಬಿಡು" ಎಂದ ಸೋಮಶೇಖರ. ಅವಳು ಪೆನ್ನು ಎತ್ತಿದಳು, ಮತ್ತೆ ಇಟ್ಟಳು. ಆ ಮಾತನ್ನು ಹದಿಮೂರು ಸಲ ಬರೆದು ತಿಂದ ಪೆಟ್ಟು ಸಾಕಾಗಿತ್ತು. 'ಈ ಊರು ಏಕೆ ಇಲ್ಲಿದೆಯೋ ನನಗೆ ತಿಳಿಯಲಿಲ್ಲ' ಎಂದು ಬರೆದಳು.

ಫೆಬ್ರುವರಿಯ ಪರೀಕ್ಷೆಯ ದಿನ ಕ್ಯೋಟೋದಲ್ಲಿ ತೆಳುವಾಗಿ ಹಿಮ ಬಿದ್ದಿತ್ತು. ಸೈಕಲ್ ಜಾರೀತೆಂದು ಬಸ್ಸಿನಲ್ಲಿ ಹೋದಳು, ರೇಷ್ಮೆ ಸೀರೆಯ ಮೇಲೆ ದಪ್ಪ ಕೋಟು ಹಾಕಿಕೊಂಡು. ಕೋಣೆಯಲ್ಲಿ ಇಪ್ಪತ್ತು ಜನ. ಹಿಂದಿನ ಸಾಲಿನಲ್ಲಿ ಸೋಮಶೇಖರ, ಸಿಂಧೂರಾ. ಮುಂದೆ ಮೂವರು ಪರೀಕ್ಷಕರು. ತೋಕುನಾಗಾ ಸೆನ್ಸೇ ಸಣ್ಣ ಆಳು, ಕಿವಿಗೆ ಯಂತ್ರ. ಮುಂದೆ ಅವಳ ಪ್ರಬಂಧ, ಅದರ ಪಕ್ಕ ಅವರದೇ ಪುಸ್ತಕ. ಅವರು ಒಂದೇ ಪ್ರಶ್ನೆ ಕೇಳುತ್ತಾರೆ, ಆ ಒಂದಕ್ಕೆ ಎಷ್ಟೋ ಜನ ಮಣ್ಣು ಮುಕ್ಕಿದ್ದಾರೆ ಎಂದು ಪ್ರತೀತಿ.

ಐದನೇ ಅಧ್ಯಾಯಕ್ಕೆ ಬಂದಾಗ ಲೀಲಾವತಿ ನೀರು ಕುಡಿದು, ಚೀಟಿ ಮಡಿಸಿಟ್ಟು, ಅವರನ್ನೇ ನೋಡುತ್ತ ಹೇಳಿದಳು:

"ನನ್ನ ತಂದೆ ಗದ್ದೆಗಳಿಗೆ ನೀರು ಬಿಡುವವರು. ನಮ್ಮಲ್ಲಿ ನಾಲೆಯ ನೀರು ಒಂದೇ ದಿಕ್ಕಿಗೆ ಹೋಗುತ್ತದೆ. ಆದ್ದರಿಂದ ನಾಲ್ಕು ವರ್ಷ ಈ ನಕ್ಷೆಯನ್ನು ನಾನು ತಪ್ಪಾಗಿ ಓದಿದೆ. ತೋಕುನಾಗಾ ಸೆನ್ಸೇ ಅವರ ವಾದವನ್ನು ಒಪ್ಪಿದ್ದೂ ಅದಕ್ಕೇ. ಈಗ ನಾನು ಆ ವಾದವನ್ನು ಒಪ್ಪುವುದಿಲ್ಲ. ಏಕೆಂದು ತೋರಿಸುತ್ತೇನೆ."

ಕೋಣೆಯಲ್ಲಿ ಯಾರೋ ಉಸಿರೆಳೆದುಕೊಂಡರು. ಕುವಾಬಾರಾ ಮೇಜನ್ನು ನೋಡುತ್ತಿದ್ದರು. ಲೀಲಾವತಿ ಒಂದೊಂದೇ ನಾಲೆಯನ್ನು ಪರದೆಯ ಮೇಲೆ ತೋರಿಸುತ್ತ ಹೋದಳು. ಎಡದಿಂದ ಒಂದು ಗೆರೆ, ಬಲದಿಂದ ಒಂದು ಗೆರೆ, ಎದುರಾದಲ್ಲಿ ಕೆಂಪು ಚುಕ್ಕೆ, ಆಮೇಲೆ ಸಂತೆ. ಐದಾರು ಆಗುವಷ್ಟರಲ್ಲಿ ಹುಡುಗರು ಮುಂದಕ್ಕೆ ಬಗ್ಗಿ ಕೂತಿದ್ದರು. ಹನ್ನೆರಡನೆಯದಕ್ಕೆ ಅವಳ ಭಯವೇ ಹೋಗಿತ್ತು, ಮಂಡ್ಯದ ತರಗತಿಯಲ್ಲಿ ನಿಂತ ಹಾಗೆ ಕೈ ಬೀಸಿ ಮಾತಾಡುತ್ತಿದ್ದಳು. ಹದಿನೆಂಟನೆಯ ಚುಕ್ಕೆಯ ಮೇಲೆ ಸಂತೆ ಬಂದು ಕೂತಾಗ ಹಿಂದಿನಿಂದ ಯಾರೋ ಚಪ್ಪಾಳೆ ಹೊಡೆದು ತಟಕ್ಕನೆ ನಿಲ್ಲಿಸಿದರು. ಸೋಮಶೇಖರನೇ ಇರಬೇಕು.

ತೋಕುನಾಗಾ ಸೆನ್ಸೇ ಕಿವಿಯ ಯಂತ್ರ ಸರಿಮಾಡಿಕೊಂಡರು.

"ಹತ್ತೊಂಬತ್ತನೆಯದು?"

"ನನಗೆ ತಿಳಿಯಲಿಲ್ಲ, ಸೆನ್ಸೇ."

"ಊಹೆ?"

"ಊಹೆಯೂ ಇಲ್ಲ. ಊಹೆ ಮಾಡಿ ಒಮ್ಮೆ ಕೆಟ್ಟಿದ್ದೇನೆ."

ಅವರು ತಮ್ಮ ಪುಸ್ತಕದಲ್ಲಿ ಏನೋ ಗೀಚಿಕೊಂಡರು. ಬೇರೇನೂ ಕೇಳಲಿಲ್ಲ. ಪರೀಕ್ಷಕರು ಸಮಾಲೋಚನೆಗೆ ಒಳಗೆ ಉಳಿದರು, ಉಳಿದವರೆಲ್ಲ ಹೊರಗೆ ಬಂದರು. ಪಡಸಾಲೆಯಲ್ಲಿ ಸಿಂಧೂರಾ ಅಮ್ಮನ ಸೆರಗಿನ ತುದಿ ಹಿಡಿದುಕೊಂಡೇ ನಿಂತಳು, ಅಪ್ಪ ಹತ್ತು ಸಲ ಕಿಟಕಿಯವರೆಗೆ ಹೋಗಿ ಬಂದ. ಅರ್ಧ ಗಂಟೆ ಎಂದಿದ್ದರು, ಮುಕ್ಕಾಲು ಗಂಟೆ ಮೀರಿತು. ಒಬ್ಬ ಸಹಾಯಕಿ ಒಳಗಿನಿಂದ ಓಡಿ ಗ್ರಂಥಾಲಯಕ್ಕೆ ಹೋಗಿ, ಒಂದು ಹಳೆಯ ಗೆಜೆಟಿನ ಸಂಪುಟ ಹೊತ್ತು ವಾಪಸು ಬಂದಳು. ಅದನ್ನು ಕಂಡು ಲೀಲಾವತಿಯ ಜೀವವೇ ಹಾರಿತು. ಏನೋ ತಪ್ಪು ಹಿಡಿದಿದ್ದಾರೆ, ಮುಗಿಯಿತು, ಇನ್ನು ಮೈಸೂರಿಗೆ ಬರಿಗೈ ಎಂದುಕೊಂಡಳು.

ಒಳಗೆ ಕರೆದರು. ಕುವಾಬಾರಾ ಎದ್ದು ನಿಂತು, ಮೂವರೂ ಒಮ್ಮತದಿಂದ ಪ್ರಬಂಧವನ್ನು ಅಂಗೀಕರಿಸಿದ್ದಾರೆ ಎಂದು ಓದಿದರು. ಲೀಲಾವತಿಗೆ ಕಿವಿಯಲ್ಲಿ ಗುಂಯ್ ಎಂದಿತು. ಬಗ್ಗಿದಳು, ಮತ್ತೆ ಬಗ್ಗಿದಳು, ಎಷ್ಟು ಸಲ ಬಗ್ಗಬೇಕೆಂದು ಮರೆತು ಇನ್ನೊಮ್ಮೆ ಬಗ್ಗಿದಳು. ಏಳು ವರ್ಷದ ಹಿಂದೆ ಕೆಲಸ ಬಿಟ್ಟು ಬಂದವಳು ಈಗ ಡಾಕ್ಟರ್ ಲೀಲಾವತಿ. ಅವಳಿಗೆ ಎದೆ ಬಿರಿಯುವಷ್ಟು ಸಂತೋಷವಾಯಿತು.

ಎಲ್ಲರೂ ಏಳುವಾಗ ತೋಕುನಾಗಾ ಸೆನ್ಸೇ ಕೈ ಎತ್ತಿದರು. ಗೆಜೆಟಿನ ಸಂಪುಟವನ್ನು ಅವಳ ಕಡೆಗೆ ತಿರುಗಿಸಿ, ಒಂದು ಸಾಲಿನ ಮೇಲೆ ಬೆರಳಿಟ್ಟರು.

"ನಾನೂ ಗದ್ದೆಯ ಊರಿನವನು. ನಮ್ಮ ಕಾಲುವೆಯಲ್ಲೂ ನೀರು ಒಂದೇ ಕಡೆ ಹೋಗುತ್ತದೆ. ನಾನು ಅದೇ ನೀರಿನ ಮೇಲೆ ವರ್ಷಗಟ್ಟಲೆ ಮಲಗಿ ಎದ್ದೆ, ನೋಡಲಿಲ್ಲ" ಎಂದರು. ಆಮೇಲೆ ಸಾಲನ್ನು ಓದಿದರು. ಹತ್ತೊಂಬತ್ತನೆಯ ಊರಿನಲ್ಲಿ ಸುಂಕದ ಕಟ್ಟೆ ಇಟ್ಟ ಆದೇಶ ಅದು. ಅದೇ ಸಂಪುಟದ ಕೊನೆಯಲ್ಲಿ ಇನ್ನೊಂದು ಪ್ರಕಟಣೆ. ಕಟ್ಟೆ ಬಂದು ಎರಡು ವರ್ಷಕ್ಕೆ ಅಲ್ಲಿ ಹೊಸದಾಗಿ ಸಂತೆ ಕೂಡುತ್ತಿದೆ ಎಂದು.

"ಹದಿನೆಂಟು ನಿಮ್ಮವು, ಲೀಲಾವತಿ-ಸಾನ್" ಎಂದು ಆ ಮುದುಕರು ತಲೆಬಾಗಿದರು. ಮತ್ತೆ ತಲೆ ಎತ್ತಿದಾಗ ಮುಖದ ತುಂಬ ನಗು. "ಈ ಒಂದು ಮಾತ್ರ ನನಗಿರಲಿ. ಕೊಡುತ್ತೀರಾ?"

ಕಷ್ಟದ ಪ್ರಶ್ನೆಗಳಿಗೆಲ್ಲ ಅವಳು ಎರಡು ಭಾಷೆಯಲ್ಲಿ ಉತ್ತರ ಕಲಿತು ಬಂದಿದ್ದಳು. ಇದಕ್ಕೆ ಕಲಿತಿರಲಿಲ್ಲ. ಕಣ್ಣೀರು ಒರೆಸಿಕೊಳ್ಳುತ್ತ, ನಗುತ್ತ, ಅಷ್ಟೂ ಜನರ ಮುಂದೆ ಅಚ್ಚ ಕನ್ನಡದಲ್ಲಿ ಅಂದುಬಿಟ್ಟಳು:

"ಅಯ್ಯೋ, ಇಟ್ಕೊಳ್ಳಿ ಸಾರ್. ಅದು ನಿಮ್ದೇ."